ಡಿಸ್ಕ್‌ ಆದ ಮೇಲೆ ಬೂಟ್‌ಗೂ ಕಾವಲು

ರಾಯಚೂರಿನ ಗಂಜ್‌ನಲ್ಲಿ ಅಡತಿ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಲ್ಯಾಪ್‌ಟಾಪ್ ತುಂಬ ರೈತರ ಖಾತೆ ನಂಬರು, ವ್ಯಾಪಾರಿಗಳ ಪ್ಯಾನ್, ಜಿಎಸ್‌ಟಿ ಕಡತ. ಹತ್ತಿ ಸೀಸನ್ನಿನಲ್ಲಿ ಅದು ರಾತ್ರಿಯೂ ಅಂಗಡಿಯಲ್ಲೇ ಉಳಿಯುತ್ತದೆ. ಅದಕ್ಕೇ ಲಿನಕ್ಸ್ ಹಾಕುವಾಗ ಇಡೀ ಡಿಸ್ಕನ್ನು ಲಕ್ಸ್2 ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ ಎನ್‌ಕ್ರಿಪ್ಟ್ ಮಾಡಿದ್ದೆ, ಅಂದರೆ ಪಾಸ್‌ಫ್ರೇಸ್ (ಉದ್ದನೆಯ ಪಾಸ್‌ವರ್ಡ್) ಇಲ್ಲದೆ ಓದಲಾಗದಂತೆ ಮಾಡಿದ್ದೆ.

‘ಪಾಸ್‌ವರ್ಡ್ ಅದಲ್ರೀ, ಮತ್ತ ಇದ್ಯಾಕ?’ ಎಂದರು ಅಡತಿ ಸಾಹುಕಾರರು, ನಾನು ಮತ್ತೆ ಕೆದಕುತ್ತ ಕೂತಾಗ. ಡಿಸ್ಕ್ ಬಿಚ್ಚಿ ಒಯ್ದವನಿಗೆ ಏನೂ ಸಿಗುವುದಿಲ್ಲ, ನಿಜ. ಆದರೆ ಪಾಸ್‌ಫ್ರೇಸ್ ಕೇಳುವ ಪ್ರೋಗ್ರಾಂ ಸಾಮಾನ್ಯವಾಗಿ ಎನ್‌ಕ್ರಿಪ್ಟ್ ಆಗದ ಬೂಟ್ ಪಾರ್ಟಿಷನ್‌ನಲ್ಲಿ, ಅಂದರೆ ಯಂತ್ರ ಶುರುವಾಗಲು ಬೇಕಾದ ಕಡತಗಳಿರುವ ಡಿಸ್ಕಿನ ಚಿಕ್ಕ ಭಾಗದಲ್ಲಿ ಇರುತ್ತದೆ. ಯಾರಾದರೂ ಅದನ್ನು ಬದಲಿಸಿಟ್ಟರೆ ಮರುದಿನ ನಾನು ಒತ್ತುವ ಅಕ್ಷರಗಳೆಲ್ಲ ಅವರ ಪಾಲು. 2009ರಲ್ಲೇ ಕಂಪ್ಯೂಟರ್ ಭದ್ರತಾ ಸಂಶೋಧಕಿ ಯೊವಾನ್ನಾ ರುಟ್ಕೋವ್‌ಸ್ಕಾ ಒಂದು ಪೆನ್‌ಡ್ರೈವ್‌ನಿಂದ ಟ್ರೂಕ್ರಿಪ್ಟ್ ಎಂಬ ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಸಾಫ್ಟ್‌ವೇರ್ ಮೇಲೆ ಇದನ್ನು ಮಾಡಿ ತೋರಿಸಿದ್ದರು.

ಹಾಗಾಗಿ ಕರ್ನಲ್ (ಲಿನಕ್ಸಿನ ತಿರುಳು), ಇನಿಟ್‌ರಾಮ್‌ಎಫ್‌ಎಸ್ (ಪಾಸ್‌ಫ್ರೇಸ್ ಕೇಳುವ ಆರಂಭಿಕ ಪ್ರೋಗ್ರಾಂಗಳ ಕಟ್ಟು), ಕಮಾಂಡ್‌ಲೈನ್ (ಕರ್ನಲ್‌ಗೆ ಕೊಡುವ ಸೂಚನೆ) ಮೂರನ್ನೂ ಸೇರಿಸಿ, ಯಂತ್ರ ನೇರವಾಗಿ ಶುರು ಮಾಡಬಲ್ಲ ಒಂದೇ ಇಎಫ್‌ಐ ಫೈಲ್ ಮಾಡಿದೆ. ಎಸ್‌ಬಿಸಿಟಿಎಲ್ ಎಂಬ ಸಾಧನದಿಂದ ನನ್ನದೇ ಕೀಲಿ ಸೃಷ್ಟಿಸಿ ಆ ಫೈಲಿಗೆ ಡಿಜಿಟಲ್ ಸಹಿ ಹಾಕಿ, ಒಪ್ಪಿತ ಸಹಿ ಇಲ್ಲದ ಫೈಲಿನಿಂದ ಯಂತ್ರ ಶುರುವಾಗದಂತೆ ತಡೆಯುವ ಸೆಕ್ಯೂರ್ ಬೂಟ್ ಆನ್ ಮಾಡಿದೆ. ಕೀಲಿ ಸೇರಿಸುವಾಗ ಮೈಕ್ರೋಸಾಫ್ಟ್ ಕೀಲಿಗಳನ್ನು ಉಳಿಸಿಕೊಂಡೆ. ಕೆಲವು ಯಂತ್ರಗಳಲ್ಲಿ ಗ್ರಾಫಿಕ್ಸ್ ಕಾರ್ಡಿನ ಫರ್ಮ್‌ವೇರ್‌ಗೆ (ಅದರೊಳಗಿನ ಪ್ರೋಗ್ರಾಂಗೆ) ಮೈಕ್ರೋಸಾಫ್ಟ್ ಸಹಿಯೇ ಇರುತ್ತದೆ, ತೆಗೆದರೆ ಪರದೆಯೇ ಬಾರದಿರಬಹುದು. ಯಂತ್ರದ ಆರಂಭಿಕ ಸೆಟ್ಟಿಂಗ್‌ಗಳಿರುವ ಬಯಾಸ್‌ಗೂ ಪಾಸ್‌ವರ್ಡ್ ಇಟ್ಟೆ. ಇಲ್ಲವಾದರೆ ಸೆಕ್ಯೂರ್ ಬೂಟ್ ಆಫ್ ಮಾಡಲು ಎಷ್ಟು ಹೊತ್ತು?

ಮುಂದಿನದು ಟಿಪಿಎಂ, ಕೀಲಿಗಳನ್ನು ಕಾಯುವ ಚಿಪ್. ಯಂತ್ರ ಶುರುವಾಗುವಾಗ ಏನೇನು ಓಡಿತೆಂಬ ಅಳತೆಗಳನ್ನು ಅದು ಪಿಸಿಆರ್ ಎಂಬ ಖಾನೆಗಳಲ್ಲಿ ಇಡುತ್ತದೆ. ಲಿನಕ್ಸಿನ ಸಿಸ್ಟಮ್‌ಡಿ-ಕ್ರಿಪ್ಟ್‌ಎನ್‌ರೋಲ್ ಸಾಧನದಿಂದ ಡಿಸ್ಕಿನ ಕೀಲಿಯನ್ನು ಪಿಸಿಆರ್ 7ಕ್ಕೆ ಕಟ್ಟಿದೆ. ಅದು ಸೆಕ್ಯೂರ್ ಬೂಟ್ ಸ್ಥಿತಿಯ ಅಳತೆ: ಅದನ್ನು ಆಫ್ ಮಾಡಿದರೆ ಚಿಪ್ ಕೀಲಿ ಕೊಡುವುದಿಲ್ಲ. ಬೂಟ್ ಫೈಲನ್ನೇ ಅಳೆಯುವ ಪಿಸಿಆರ್ 4 ಸೇರಿಸಲಿಲ್ಲ. ಸೇರಿಸಿದ್ದರೆ ಪ್ರತಿ ಕರ್ನಲ್ ಅಪ್‌ಡೇಟ್‌ಗೂ ಮತ್ತೆ ಕಟ್ಟಬೇಕಿತ್ತು. ಜೊತೆಗೆ ಪಿನ್ ಕಡ್ಡಾಯ ಮಾಡಿದೆ. ಪಿನ್ ಇಲ್ಲದ ಟಿಪಿಎಂ ಎಂದರೆ, ಲ್ಯಾಪ್‌ಟಾಪ್ ಕದ್ದವನಿಗೂ ಅದು ತಾನಾಗಿ ಲಾಗಿನ್‌ವರೆಗೆ ಹೋಗಿ ನಿಲ್ಲುತ್ತದೆ. ತಪ್ಪು ಪಿನ್ ಮತ್ತೆ ಮತ್ತೆ ಹಾಕಿದರೆ ಚಿಪ್ಪೇ ತಡೆಯುವುದರಿಂದ ಪಿನ್ ಚಿಕ್ಕದಿದ್ದರೂ ನಡೆಯುತ್ತದೆ.

ಟಿಪಿಎಂ ಇಲ್ಲದೆಯೂ ಡಿಸ್ಕ್ ತೆರೆಯುವ ರಿಕವರಿ ಕೀಯನ್ನು ಕಾಗದದಲ್ಲಿ ಬರೆದು ಮನೆಯ ತಿಜೋರಿಯಲ್ಲಿಟ್ಟಿದ್ದೇನೆ. ಕೀಲಿಗಳ ವಿವರವಿರುವ ಲಕ್ಸ್ ಹೆಡರಿನ ಬ್ಯಾಕಪ್ ಬೇರೆ ಡ್ರೈವ್‌ನಲ್ಲಿದೆ. ಮದರ್‌ಬೋರ್ಡ್ ಸುಟ್ಟರೆ ಟಿಪಿಎಂ ಕೂಡ ಹೋಯಿತು. ಆಗ ಆ ಕಾಗದವೇ ಗತಿ.

ಸಾಹುಕಾರರ ಬಿಲ್ಲಿಂಗ್ ಕಂಪ್ಯೂಟರಿಗೆ ಮಾತ್ರ ಪಿನ್ ಹಾಕಲಿಲ್ಲ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಅದನ್ನು ಗುಮಾಸ್ತರೇ ಶುರು ಮಾಡಬೇಕು, ಪಿನ್ ಇಟ್ಟರೆ ಅದು ಮಾನಿಟರಿಗೆ ಅಂಟಿದ ಚೀಟಿಯಲ್ಲಿರುತ್ತದೆ. ಅಲ್ಲಿ ಬರೀ ಟಿಪಿಎಂ ಸಾಕೆಂದು ಬಿಟ್ಟು, ಅದರ ಕಾವಲು ನನ್ನ ಲ್ಯಾಪ್‌ಟಾಪಿನಷ್ಟು ಗಟ್ಟಿಯಲ್ಲ ಎಂದು ಅವರಿಗೆ ಹೇಳಿದ್ದೇನೆ.