ದಿನಕ್ಕೆ ಒಂದೇ ಅತ್ತರು

ಮೈಸೂರಿನ ದೇವರಾಜ ಮಾರುಕಟ್ಟೆ ಸುತ್ತಿದವರಿಗೆ ಗೊತ್ತಿರುತ್ತೆ. ಅತ್ತರಿನ ಅಂಗಡಿ ಮುಂದೆ ಒಂದು ನಿಮಿಷ ನಿಂತರೆ ಸಾಕು, ಮಣಿಕಟ್ಟಿಗೆ ಮಲ್ಲಿಗೆ, ಮುಂಗೈಗೆ ಗಂಧ, ಇನ್ನೊಂದು ಕೈಗೆ ಕೇದಗೆ ಹಚ್ಚಿಬಿಡುತ್ತಾರೆ. ನಾನೂ ಹಾಗೇ ಮೂಸಿ ಮೂಸಿ ಕೊಂಡವನು. ಎರಡು ವರ್ಷದಲ್ಲಿ ಹತ್ತಿರ ಹತ್ತಿರ 14,000 ರೂಪಾಯಿ ಹೋಯಿತು.

ಜಾಸ್ತಿ ಹೊಟ್ಟೆ ಉರಿಸಿದ್ದು ಒಂದು ಮಿಟ್ಟಿ ಅತ್ತರು, ಅಂದರೆ ಮಣ್ಣಿನ ಅತ್ತರು. ಅರ್ಧ ತೊಲಕ್ಕೆ 2,200 ಕೊಟ್ಟಿದ್ದೆ. ಅಂಗಡಿಯಲ್ಲಿ ಮೊದಲ ಮಳೆ ಬಿದ್ದ ಹೊಲದ ಘಮ. ಎರಡು ಗಂಟೆ ಕಳೆದ ಮೇಲೆ ಬರೀ ಹೊಸ ಪ್ಲಾಸ್ಟಿಕ್ ಬಕೆಟ್ಟಿನ ವಾಸನೆ. ಉತ್ತರ ಪ್ರದೇಶದ ಅತ್ತರಿನ ಊರು ಕನೌಜಿನ ಹಳೇ ಪದ್ಧತಿಯಲ್ಲಿ ಸುಟ್ಟ ಮಣ್ಣಿನ ಆವಿಯನ್ನು ಗಂಧದೆಣ್ಣೆಗೇ ಇಳಿಸುತ್ತಾರೆ. ಮಣ್ಣು ಹೋದರೂ ಅಡಿಯಲ್ಲಿ ಗಂಧ ಉಳಿಯಬೇಕು, ಅಲ್ವಾ? ನನ್ನ ಶೀಷೆಯಲ್ಲಿ ಆ ಅಡಿಯೇ ಇರಲಿಲ್ಲ.

ಅವತ್ತಿಂದ ದಿನಕ್ಕೆ ಒಂದೇ ಸ್ಯಾಂಪಲ್. ಅಂಗಡಿಯಲ್ಲಿ ಕೈ ಚಾಚೋದೇ ಇಲ್ಲ, 1 ಎಂಎಲ್ ಕೇಳಿ ತರುತ್ತೇನೆ. ಸಂಜೆ ಏಳಕ್ಕೆ ಎಡ ಮೊಣಕೈ ಒಳಮಡಿಕೆಗೆ ಬೆಂಕಿಕಡ್ಡಿ ತುದಿಯಷ್ಟು. ಉಜ್ಜೋದಿಲ್ಲ. ಹಚ್ಚಿದಾಗ, ಅರ್ಧ ಗಂಟೆಗೆ, ಮಲಗುವ ಮುಂಚೆ, ಬೆಳಿಗ್ಗೆ ಎದ್ದ ಕೂಡಲೇ ಮೂಸಿ ಬರೆದಿಡುತ್ತೇನೆ. "ಒಂದು ಸೆಂಟು ತಗೊಳ್ಳೋಕೆ ತಿಂಗಳು ಬೇಕಾ ಮಾರಾಯ?" ಅಂತ ಗೆಳೆಯರು ರೇಗಿಸಿದರು.

ನಡುವೆ ಕಾಫಿ ಬೀಜ ಮೂಸುವ ಉಪಾಯವನ್ನೂ ಮಾಡಿ ನೋಡಿದೆ. ಮೂಗಲ್ಲಿ ಕಾಫಿಯೇ ಕೂತುಬಿಟ್ಟಿತು. ನನ್ನದೇ ಅಂಗಿಯ ತೋಳು ಮೂಸೋದೇ ವಾಸಿ. ಇನ್ನೊಂದು ಸಲ ಉಡುಪಿ ಕಡೆಯ ಶಂಕರಪುರ ಮಲ್ಲಿಗೆ ಒಂದು ಅಟ್ಟೆ, ಅಂದರೆ ನಾಲ್ಕು ಚೆಂಡು, ತರಿಸಿ ಕೊಬ್ಬರಿ ಎಣ್ಣೆಯಲ್ಲಿ ನೆನೆಹಾಕಿದೆ. ಮೂರನೇ ದಿನ ಕೊಳೆತು ಕಮಟು ಹಿಡಿಯಿತು. ಬಾಡಿದ ಹೂವನ್ನು ದಿನಾ ತೆಗೆದು ಹೊಸದು ಹಾಕಬೇಕಿತ್ತು. ಆದರೆ ಮೂಗಿಗೆ ಒಂದು ಪಾಠ ಸಿಕ್ಕಿತು. ರಾತ್ರಿ ಮುಡಿದ ದಂಡೆಯನ್ನು ಬೆಳಿಗ್ಗೆ ತೆಗೆದಾಗ ಬರುವ ಆ ಭಾರದ ವಾಸನೆ ನಿಜವಾದ ಮಲ್ಲಿಗೆಯಲ್ಲಿ ಇದ್ದೇ ಇರುತ್ತೆ. ಕೊನೇವರೆಗೂ ಬರೀ ಸಿಹಿಯಾಗಿರುವ ಮಲ್ಲಿಗೆ ಅತ್ತರನ್ನು ಈಗ ನಾನು ಮುಟ್ಟೋದಿಲ್ಲ.

ಹೋದ ತಿಂಗಳು ಅದೇ ಗೆಳೆಯರು ಹೆಸರು ಬರೆಯದ ಮೂರು ಶೀಷೆ ತಂದಿಟ್ಟರು. ಒಂದು ಮಾತ್ರ ಅಸಲಿ ಗಂಧದೆಣ್ಣೆ, ಯಾವುದು ಹೇಳು ಅಂದರು. ಮೂರು ದಿನ ಬೇಕು ಅಂದೆ. ಎರಡನೇದು ಮುಚ್ಚಳ ತೆಗೆದ ಕೂಡಲೇ ಕೋಣೆ ತುಂಬಿತು, ಎಲ್ಲರೂ ಅದೇ ಅಂದರು. ಮೂರನೇದು ಮೊದಲು ಏನೂ ಅನ್ನಿಸಲೇ ಇಲ್ಲ. ಅರ್ಧ ಗಂಟೆಗೆ ಮೆಲ್ಲಗೆ ಎದ್ದಿತು. ಬೆಳಿಗ್ಗೆ ಮೊಣಕೈ ಮೂಸಿದರೆ ಹಾಲಿನ ಕೆನೆಯಂಥ ಗಂಧ, ಸಾಣೆಕಲ್ಲಿನ ಮೇಲೆ ಆಗಷ್ಟೇ ತೇಯ್ದ ಹಾಗೆ. ಎರಡನೇದು ಆ ಹೊತ್ತಿಗೆ ಪೂರ್ತಿ ಮಾಯ. ಮೂರನೇದು ಅಂದೆ. ಸರಿಯಾಗಿತ್ತು!

ಈಗ ಅವರೂ ನೋಟ್‌ಬುಕ್ ಇಟ್ಟಿದ್ದಾರೆ. ಒಂದು ಸ್ಯಾಂಪಲ್ಲಿಂದ ಇನ್ನೊಂದಕ್ಕೆ ಹೋಗುವಾಗ ಚರ್ಮ ಯಾವುದರಿಂದ ತೊಳೆಯುತ್ತೇನೆ ಅನ್ನೋದನ್ನ ಮಾತ್ರ ಅವರಿಗೂ ಹೇಳಿಲ್ಲ, ಇಲ್ಲೂ ಹೇಳಲ್ಲ. ಈ ವರ್ಷ ಸುಮಾರು 30 ಸ್ಯಾಂಪಲ್ ಆಯಿತು. ಕೊಂಡಿದ್ದು ಎರಡೇ, ಎರಡೂ ಸೇರಿ 3,000 ಆಸುಪಾಸು. ಲಾವಂಚದ್ದು ನಾಳೆ ಸಂಜೆ ಹಚ್ಚಬೇಕು.