ಪಂಪಿನ ಬ್ಯಾಟರಿ ಎಷ್ಟು ಉಳಿದಿದೆ? ಆರ್ಡುಯಿನೊದಲ್ಲಿ ನೋಡುವುದು ಹೀಗೆ

ತೊಗರಿ ಹೂವಾಡುವ ಹೊತ್ತಿಗೆ ಕಲಬುರಗಿ ಸೀಮೆಯಲ್ಲಿ ಎಣ್ಣೆ ಹೊಡೆಯುವ ಬ್ಯಾಟರಿ ಪಂಪಿಗೆ ಬಿಡುವಿರುವುದಿಲ್ಲ. ಹೊಲದ ನಡುವೆ ಅದು ಕೈಕೊಡುವ ಮೊದಲೇ 12 ವೋಲ್ಟ್ ಬ್ಯಾಟರಿಯ ಸ್ಥಿತಿ ತಿಳಿಯಲು ಆರ್ಡುಯಿನೊ ಉನೊ ಎಂಬ, ಪ್ರೋಗ್ರಾಮ್ ಬರೆದು ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡು ಸಾಕು.

ಬೋರ್ಡು ತನ್ನ ರೆಫರೆನ್ಸ್ ವೋಲ್ಟೇಜನ್ನು, ಅಂದರೆ ಅಳತೆಗೆ ಹೋಲಿಸಿ ನೋಡುವ ವೋಲ್ಟೇಜನ್ನು, 1024 ಪಾಲು ಮಾಡಿ, ಒಳಬಂದದ್ದು ಎಷ್ಟು ಪಾಲು ಎಂದು 0ಯಿಂದ 1023ರವರೆಗಿನ ಅಂಕಿಯಲ್ಲಿ ಹೇಳುತ್ತದೆ. ತಕರಾರು ಇಲ್ಲೇ. ಬೇರೆ ಸೂಚನೆ ಇಲ್ಲದಿದ್ದರೆ ರೆಫರೆನ್ಸ್ ಎಂದರೆ ಬೋರ್ಡಿನ 5 ವೋಲ್ಟ್. ಬೋರ್ಡಿಗೆ ಕರೆಂಟ್ ಕೊಡುವ ಅಗ್ಗದ ಚಾರ್ಜರಿನಿಂದ ಅದು 4.7ಕ್ಕೆ ಇಳಿದರೆ 12.0 ವೋಲ್ಟ್ ಬ್ಯಾಟರಿ 12.77 ಎಂದು ತೋರುತ್ತದೆ. ಚಿಪ್ಪಿನೊಳಗಿನ 1.1 ವೋಲ್ಟ್ ರೆಫರೆನ್ಸನ್ನೇ ಆರಿಸಿಕೊಳ್ಳಿ. ಆಗ ಹೊರಗಿನ ರೆಫರೆನ್ಸ್ ಕೊಡಲೆಂದಿರುವ ಎರೆಫ್ (AREF) ಪಿನ್ನಿಗೆ ಹೊರಗಿನಿಂದ ಏನನ್ನೂ ಕೊಡಬಾರದು.

ರೆಫರೆನ್ಸಿಗಿಂತ ಹೆಚ್ಚಿನದನ್ನು ಬೋರ್ಡು ಅಳೆಯಲಾರದು, ಹಾಗಾಗಿ ಮೊದಲು ಬ್ಯಾಟರಿಯ ವೋಲ್ಟೇಜ್ ತಗ್ಗಿಸಬೇಕು. ಬ್ಯಾಟರಿ ಪ್ಲಸ್‌ನಿಂದ ಅಳೆಯುವ ಎ0 (A0) ಪಿನ್ನಿಗೆ 100 ಕಿಲೋಓಮ್, ಎ0ದಿಂದ ಗ್ರೌಂಡಿಗೆ 6.8 ಕಿಲೋಓಮ್ ರೆಸಿಸ್ಟರ್ ಹಾಕಿ. ಎರಡೂ ಶೇ 1ರಷ್ಟು ಮಾತ್ರ ವ್ಯತ್ಯಾಸವಿರುವ ಮೆಟಲ್ ಫಿಲ್ಮ್ ಬಗೆಯವಿರಲಿ. ಚಾರ್ಜಿಂಗಿನ 14.4 ವೋಲ್ಟ್ ಕೂಡ ಪಿನ್ನಿಗೆ 0.92 ಆಗಿಯೇ ಬರುತ್ತದೆ. 6.8 ರೆಸಿಸ್ಟರಿನ ಎರಡೂ ತುದಿಗಳ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ದರೆ ಅಂಕಿ ಕುಣಿಯುವುದಿಲ್ಲ. ಬ್ಯಾಟರಿ ಮೈನಸ್ ಮತ್ತು ಬೋರ್ಡಿನ ಗ್ರೌಂಡ್ ಕೂಡಿರಲೇಬೇಕು. ಬೆನ್ನ ಮೇಲೆ ಅಲುಗಾಡುವ ಪಂಪಿಗೆ ತಂತಿ ಚುಚ್ಚಿ ಕೂಡಿಸುವ ಬ್ರೆಡ್‌ಬೋರ್ಡ್ ಬೇಡ, ಸೋಲ್ಡರ್ ಮಾಡಿ.

ಪ್ರೋಗ್ರಾಮಿನಲ್ಲಿ ರೆಫರೆನ್ಸ್ ಬದಲಿಸಿದ ಮೇಲೆ ಮೊದಲ ಕೆಲವು ರೀಡಿಂಗ್ ಬಿಟ್ಟುಬಿಡಿ. ಆಮೇಲಿನ 16ರ ಸರಾಸರಿ ತೆಗೆಯಿರಿ. ಆಸೆಪಟ್ಟು 64 ಕೂಡಿಸಲು ಹೋದರೆ ಉನೊದ ಇಂಟ್ (ಪೂರ್ಣಾಂಕ ಇಡುವ ಮಾಮೂಲಿ ಜಾಗ) 32,767ಕ್ಕೇ ಮುಗಿದು, ತುಂಬಿದ ಬ್ಯಾಟರಿಗೂ ಮೈನಸ್ ಅಂಕಿ ಬರುತ್ತದೆ, ದೊಡ್ಡ ಅಂಕಿ ಹಿಡಿಯುವ ಲಾಂಗ್ ಬಳಸಿ.

ಈಗ ಮುಖ್ಯ ಕೆಲಸ. 1.1 ಎಂಬುದು ಹೆಸರಿಗಷ್ಟೇ, ಚಿಪ್ಪಿನಿಂದ ಚಿಪ್ಪಿಗೆ 1.0ರಿಂದ 1.2ರವರೆಗೆ ಇರಬಹುದು. ಮಲ್ಟಿಮೀಟರನ್ನು ಬ್ಯಾಟರಿಗೆ ಹಿಡಿಯಿರಿ. ಅಲ್ಲಿ 12.60, ಬೋರ್ಡಿನಲ್ಲಿ 768 ಬಂದರೆ 12.60 ÷ 768 = 0.01641. ನಿಮ್ಮ ಬೋರ್ಡಿನ ಗುಣಕ ಇದೇ, ರೀಡಿಂಗನ್ನು ಇದರಿಂದ ಗುಣಿಸಿದರೆ ಬ್ಯಾಟರಿಯ ವೋಲ್ಟೇಜ್. ರೆಫರೆನ್ಸ್ ಸರಿಯಾಗಿ 1.1 ಎಂದುಕೊಂಡ ಲೆಕ್ಕದಲ್ಲಿ ಬರುವ 0.01687 ಹಾಕಿಕೊಂಡಿದ್ದರೆ 12.96 ತೋರಿಸುತ್ತಿತ್ತು! ಬೋರ್ಡ್ ಬದಲಿಸಿದರೆ ಮತ್ತೆ ಹೊಂದಿಸಬೇಕು.

ರೀಡಿಂಗ್ 1023ರಲ್ಲೇ ನಿಂತರೆ 6.8 ರೆಸಿಸ್ಟರಿನ ಕಾಲು ಬಿಟ್ಟುಕೊಂಡಿದೆ. 0 ಬಂದರೆ ಪ್ಲಸ್ ತಂತಿ ನೋಡಿ.

ಮೋಟರ್ ಓಡುವಾಗ ಅಥವಾ ಚಾರ್ಜರ್ ತೆಗೆದ ಕೂಡಲೇ ಅಳೆದರೆ ಪ್ರಯೋಜನವಿಲ್ಲ, ಕೆಲವು ತಾಸು ಬಿಡಿ. ಲೆಡ್ ಆ್ಯಸಿಡ್ ಬ್ಯಾಟರಿ 12.7 ದಾಟಿದ್ದರೆ ತುಂಬಿದೆ, 12.2 ಸುಮಾರು ಅರ್ಧ, 11.8ಕ್ಕೆ ಬಂದಿದ್ದರೆ ಹೊಲಕ್ಕೆ ಒಯ್ಯಬೇಡಿ. ಲಿಥಿಯಂ ಬ್ಯಾಟರಿಗೆ ಈ ಅಂಕಿಗಳು ಹೊಂದುವುದಿಲ್ಲ.