ಬಕೆಟ್ ಮೇಲೆ ಕೂತ ಅಪ್ಪನ ಪಿಚಿಂಗ್ ಪಾಠ

ಮಗಳಿಗೆ ಹತ್ತು ವರ್ಷ. ಕ್ಯಾಲಿಫೋರ್ನಿಯಾದ ನಮ್ಮ ಮನೆ ಪಕ್ಕದ ಪಾರ್ಕಿನಲ್ಲಿ ಸಾಫ್ಟ್‌ಬಾಲ್ ಪಿಚಿಂಗ್ ಕಲಿಯುತ್ತಾಳೆ. ಬೇಸ್‌ಬಾಲ್‌ನಂಥ ಆಟ ಇದು; ಪಿಚಿಂಗ್ ಅಂದರೆ ತೋಳನ್ನು ಗಿರ್ರನೆ ಸುತ್ತಿಸಿ, ಕೆಳಗಿನಿಂದ ಚೆಂಡು ಎಸೆಯುವುದು. ನಾನು 35 ಅಡಿ ಆಚೆ ಬಕೆಟ್ ಬೋರಲು ಹಾಕಿ, ಅದರ ಮೇಲೆ ಕೂತು ಚೆಂಡು ಹಿಡಿಯುತ್ತೇನೆ. ಕ್ರಿಕೆಟ್ ನೋಡಿ ಬೆಳೆದವನು. ಬಗ್ಗಿದ ಮೊಣಕೈಯನ್ನು ನೆಟ್ಟಗೆ ಮಾಡುತ್ತಾ ಎಸೆದರೆ ನಮಗೆ ಅದು ಚಕ್ಕಿಂಗ್, ಅಂದರೆ ತಪ್ಪು ಎಸೆತ, ಅಲ್ವಾ? ಇಲ್ಲಿ ಮೊಣಕೈ ಸ್ವಲ್ಪ ಬಗ್ಗಲೇಬೇಕು. ಅದು ತಲೆಗೆ ಹೋಗಲು ನನಗೆ ಒಂದು ತಿಂಗಳು ಬೇಕಾಯಿತು.

ಮೊದಲ ಕೋಚ್ ಹೇಳಿದ್ದು: ಮಣಿಕಟ್ಟನ್ನು ಝಾಡಿಸು, ಎಸೆದ ಮೇಲೆ ಮೊಣಕೈ ಮೇಲೆತ್ತಿ, ಎದುರು ಚೆಂಡು ಹಿಡಿಯುವ ಕ್ಯಾಚರ್‌ಗೆ ತೋರಿಸು. ಇದಕ್ಕೆ 'ಹಲೋ ಎಲ್ಬೋ' ಅನ್ನುತ್ತಾರೆ. ಎರಡನೇ ಕೋಚ್ ಅದನ್ನೆಲ್ಲ ಮರೆತುಬಿಡು ಅಂದರು. ಅವರದು 'ಇಂಟರ್ನಲ್ ರೊಟೇಶನ್', ಅಂದರೆ ಮುಂದೋಳು ಒಳಗೆ ತಿರುಗುವ ರೀತಿ. "ಅಪ್ಪಾ, ಯಾರ ಮಾತು ಕೇಳ್ಲಿ?" ಅಂದಳು ಮಗಳು.

ನಾನು ಎರಡನೆಯವರ ಕಡೆ. 2012ರಲ್ಲಿ ಗಂಟೆಗೆ 77 ಮೈಲಿ ವೇಗದಲ್ಲಿ ಎಸೆದ ಅಮೆರಿಕದ ಸಾಫ್ಟ್‌ಬಾಲ್ ಪಿಚರ್ ಮೋನಿಕಾ ಅಬಾಟ್ ಅವರ ಪಿಚ್‌ಗಳನ್ನು ಸ್ಲೋ ಮೋಶನ್‌ನಲ್ಲಿ ನೋಡಿ. ಮೊಣಕೈ ಮೇಲೆ ಬರುವ ಹೊತ್ತಿಗೆ ಚೆಂಡು ಕೈ ಬಿಟ್ಟು ಹೋಗಿರುತ್ತದೆ. ಹೋದ ಚೆಂಡಿಗೆ ಮೊಣಕೈ ಏನು ಮಾಡೀತು?

ಮನೆಯಲ್ಲಿ ಹೀಗೆ ಶುರು ಮಾಡಿ. ಹತ್ತು ಅಡಿ ದೂರದಲ್ಲಿ ಗೋಡೆಗೆ ಪಕ್ಕವಾಗಿ ಮಗುವನ್ನು ನಿಲ್ಲಿಸಿ. ಕೈಗೆ ಚೆಂಡು ಬೇಡ, ಸುತ್ತಿದ ಕಾಲುಚೀಲ ಸಾಕು. ಪೂರ್ತಿ ಸುತ್ತು ಬೇಡ. ತೋಳು ಹಿಂದೆ ಭುಜದ ಮಟ್ಟಕ್ಕೆ ಬಂದಾಗ ಅಂಗೈ ಆಕಾಶ ನೋಡುತ್ತಿರಬೇಕು. ಅಲ್ಲಿಂದ ಮೊಣಕೈ ಮುಂದೆ, ಕೈ ಅದರ ಹಿಂದೆ. ಮುಂದೋಳಿನ ಒಳಬದಿ ಸೊಂಟವನ್ನು ಸವರಿದ ಕೂಡಲೇ ಹೆಬ್ಬೆರಳು ತಾನಾಗಿ ಒಳಕ್ಕೆ ತಿರುಗುತ್ತದೆ, ಕಾಲುಚೀಲ ಚಿಮ್ಮುತ್ತದೆ. ಆಮೇಲೆ ಕೈ ಎಲ್ಲಿಗೆ ಹೋದರೂ ಸರಿ, ಬಿಗಿ ಇರಬಾರದು. ನಾನು ಮಗಳಿಗೆ ಹೇಳಿದ್ದು ಇಷ್ಟೇ: ತೋಳು ಕೋಲಲ್ಲ, ಕವಣೆ ಹಗ್ಗ. ಆಮೇಲೆ ಕವಣೆ ಅಂದರೇನು ಅಂತ ಹೇಳಲು ಹತ್ತು ನಿಮಿಷ ಹೋಯಿತು. ಅಜ್ಜಿಯ ಜೋಳದ ಹೊಲ, ಹಕ್ಕಿ, ಎಲ್ಲ ಬಂತು.

ಮೊದಮೊದಲು ಮುಂದೋಳು ಸೊಂಟಕ್ಕೆ ಬಡಿದು ಕೆಂಪಗಾಗುತ್ತದೆ. ಸವರಬೇಕು, ಬಡಿಯಬಾರದು. ಜಾಸ್ತಿ ಬಡಿದರೆ ಸೊಂಟ ಬೇಗ ಮುಚ್ಚುತ್ತಿದೆ, ಅಂದರೆ ಬೇಗನೆ ಕ್ಯಾಚರ್ ಕಡೆ ನೇರವಾಗಿ ತಿರುಗಿಬಿಡುತ್ತಿದೆ ಅಂತ ಅರ್ಥ. ಎಸೆಯುವಾಗ ಸೊಂಟ ಅರ್ಧ ತೆರೆದೇ ಇರಲಿ. ಮೊಬೈಲ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ಇಟ್ಟು ಪಕ್ಕದಿಂದ ವಿಡಿಯೋ ತೆಗೆಯಿರಿ. ಕಣ್ಣಿಗೆ ಕಾಣದ್ದು ಅದರಲ್ಲಿ ಕಾಣುತ್ತದೆ.

ಕೆಳಗಿನಿಂದ ಎಸೆದರೆ ಭುಜಕ್ಕೆ ಏನೂ ಆಗಲ್ಲ ಅನ್ನುವವರನ್ನು ನಂಬಬೇಡಿ. ಭುಜದ ಮುಂದೆ ನೋವು ಅಂದರೆ ಅವತ್ತಿಗೆ ಸಾಕು.

ತಂಡದ ಅಭ್ಯಾಸದಲ್ಲಿ ಮೊದಲ ಕೋಚ್ ಈಗಲೂ ಐದು ನಿಮಿಷ ಮಣಿಕಟ್ಟು ಝಾಡಿಸುವುದನ್ನು ಮಾಡಿಸುತ್ತಾರೆ. ಮಗಳು ಸುಮ್ನೆ ಮಾಡುತ್ತಾಳೆ. ನಾನೂ ಬಕೆಟ್ ಮೇಲೆ ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ.